ಬಿ.ಎ. ಓದಿ ಇಂಜಿನಿಯರ್ ಆದ ವಿಶ್ವೇಶ್ವರಯ್ಯನವರು

ಇಂಜಿನಿಯರ್ ಎಂದರೆ ನಮಗೆಲ್ಲ ಮೊದಲು ನೆನಪಾಗುವವರು ಸರ್ ಎಂ. ವಿಶ್ವೇಶ್ವರಯ್ಯನವರು. ಆದರೆ ಅವರ ಮೊದಲ ಡಿಗ್ರಿ ಬಿ.ಎ. ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಇವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಪಾಸಾದರು. ಗಣಿತದಲ್ಲಿ ಬಲು ಗಟ್ಟಿಗರು. ಮೈಸೂರು ಸರ್ಕಾರದ ಸಹಾಯದಿಂದ ಪೂನಾದ ಸೈನ್ಸ್ ಕಾಲೇಜಿಗೆ ಇಂಜಿನಿಯರಿಂಗ್ ಓದಲು ಹೋದಾಗ ಆ ಗಣಿತವೇ ಬುನಾದಿಯಾಯಿತು. 1883ರಲ್ಲಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾದರು. ಮುಂಬಯಿ ಸರ್ಕಾರದಲ್ಲಿ ದುಡಿದು, 1909ರಲ್ಲಿ ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಬಂದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ ತೀರಿಕೊಂಡರು.

ನಾವು ಮಾತ್ರ ಮಕ್ಕಳನ್ನು, ಗೆಳೆಯರು ಸೇರಿದರೆಂದೋ ಬಸ್ಸಿಗೆ ಅನುಕೂಲವೆಂದೋ ಯಾವುದೋ ಡಿಗ್ರಿಗೆ ಸೇರಿಸಿಬಿಡುತ್ತೇವೆ. ಎಂ.ಎಸ್ಸಿ.ಗೆ ಅರ್ಜಿ ಹಾಕುವ ಹೊತ್ತಿಗೆ, ಅದಕ್ಕೆ ಬೇಕಾದ ವಿಷಯವನ್ನೇ ಓದಿಲ್ಲವೆಂದು ಗೊತ್ತಾಗುತ್ತದೆ. ಕಳೆದ ಮೂರು ವರ್ಷ ವಾಪಸು ಬರುವುದಿಲ್ಲ.

ಈ ಬೆಳೆ ಇಡುವಾಗಲೇ ಮುಂದಿನ ಬೆಳೆಯ ಯೋಚನೆ ಮಾಡುವ ರೈತರು ನಾವು. ಮಕ್ಕಳ ಓದಿಗೂ ಅದೇ ಲೆಕ್ಕ ಇರಲಿ. ಸೇರಿಸುವ ಮುಂಚೆ, ಈ ಡಿಗ್ರಿಯಿಂದ ಮುಂದೆ ಏನೇನು ಓದಬಹುದೆಂದು ಬಲ್ಲವರನ್ನು ಕೇಳೋಣ.