ನಾಲ್ವಡಿ ಕೃಷ್ಣರಾಜ ಒಡೆಯರೂ ಪ್ರಜೆಯ ಆರೋಗ್ಯವೂ

ನಾಲ್ವಡಿ ಕೃಷ್ಣರಾಜ ಒಡೆಯರೆಂದೊಡನೆ ಕನ್ನಂಬಾಡಿ ಕಟ್ಟೆಯೂ ದಸರೆಯ ಅಂಬಾರಿಯೂ ಕಣ್ಣೆದುರು ನಿಲ್ಲುತ್ತವೆ. ಬಡವನ ಕಾಯಿಲೆಗೆ ಬೊಕ್ಕಸದ ಬಾಗಿಲು ತೆರೆದ ಅರಸರೆಂದು ಅವರನ್ನು ನೆನೆಯುವವರು ವಿರಳ. ನನಗೆ ಮುಖ್ಯವೆನಿಸಿದ್ದು ಅದೇ.

1884ರ ಜೂನ್ 4ರಂದು ಜನಿಸಿದ ಅವರು ಹತ್ತರ ಬಾಲಕರಾಗಿದ್ದಾಗ ತಂದೆ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ತೀರಿಕೊಂಡರು. ತಾಯಿ ವಾಣೀವಿಲಾಸ ಸನ್ನಿಧಾನದವರು ಮಗನ ಪರವಾಗಿ ರಾಜ್ಯವಾಳಿದರು. ಆ ಕಾಲದಲ್ಲಿಯೇ, 1898ರಲ್ಲಿ, ಬೆಂಗಳೂರನ್ನು ಪ್ಲೇಗು ಹೊಕ್ಕಿತು. 1900ರಲ್ಲಿ ಅಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. 1902ರಲ್ಲಿ ಅರಸರು ಅಧಿಕಾರ ವಹಿಸಿಕೊಂಡರು.

ಮುಂದೆ ಅರಮನೆಗೇ ಕ್ಷಯ ಬಂದಿತು. ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಮೂವರು ಹೆಣ್ಣುಮಕ್ಕಳೂ ಅದಕ್ಕೆ ಬಲಿಯಾದರು. ಔಷಧಿಯಿಲ್ಲದ ಆ ರೋಗಕ್ಕೆ ಅಂದು ಇದ್ದುದು ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಯಾದ ಊಟ. ಇವೇ ಬಡವನಿಗೆ ಎಟುಕದಂಥವು. ಅರಸರು ದುಃಖವನ್ನು ಸಮಾಧಿಯ ಕಲ್ಲಿನಲ್ಲಿ ಮುಗಿಸಲಿಲ್ಲ. ಸೋದರಿಯ ಹೆಸರಿನಲ್ಲಿ 1921ರಲ್ಲಿ ಮೈಸೂರಿನಲ್ಲಿ ಪ್ರಜೆಗಳಿಗಾಗಿ ಕ್ಷಯರೋಗದ ಆರೋಗ್ಯಧಾಮವೊಂದು ಎದ್ದಿತು. ಬೀಡಿ ಕಟ್ಟಿ ನನ್ನನ್ನು ಓದಿಸಿದ ಅಮ್ಮನಿಗೆ ಇದೇ ಕಾಯಿಲೆ ಬಂದಾಗ ಸರಕಾರಿ ಆಸ್ಪತ್ರೆಯವರು ಆರು ತಿಂಗಳು ಕಾಸಿಲ್ಲದೆ ಮಾತ್ರೆ ಕೊಟ್ಟು ಗುಣಪಡಿಸಿದರು. ಆದ್ದರಿಂದ ಈ ಸಂಗತಿಯನ್ನು ಓದುವಾಗ ನನಗೆ ಅದು ಬರಿಯ ಚರಿತ್ರೆಯಾಗಿ ಕಾಣಲಿಲ್ಲ.

1924ರಲ್ಲಿ ಬೆಂಗಳೂರಿನಲ್ಲಿ ವೈದ್ಯಕೀಯ ಕಾಲೇಜು ಪ್ರಾರಂಭವಾಗಿ, 1930ರಲ್ಲಿ ಮೈಸೂರಿಗೆ ಬಂದಿತು. ಅದೇ ವರ್ಷ ಸರಕಾರವೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು. ಅಂದಿನ ಜನರ ಹುಬ್ಬು ಎಷ್ಟು ಮೇಲೇರಿತೋ! ದೊಡ್ಡ ಆಸ್ಪತ್ರೆಗಳೆಲ್ಲ ಎರಡೇ ನಗರಗಳಲ್ಲಿದ್ದುದು ನಿಜವಾದ ಕೊರತೆ. ಆದರೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾದ ಸಂಶೋಧನೆ ನಡೆದು, ಮಂಡ್ಯದ ಹಳ್ಳಿಗಳಲ್ಲಿ ಆರೋಗ್ಯ ಘಟಕವೂ ಹುಟ್ಟಿತು. ರೋಗಿ ಬರಲೆಂದು ಕಾಯದೆ, ಸಿಬ್ಬಂದಿಯೇ ಹಳ್ಳಿಗೆ ಹೋಗಿ ಹೆರಿಗೆ, ಲಸಿಕೆ, ಕುಡಿಯುವ ನೀರುಗಳನ್ನು ವಿಚಾರಿಸುವುದು ಅಂಥ ಘಟಕದ ಕ್ರಮ. ಇದನ್ನು ನಾನು ಅರಮನೆಗಿಂತಲೂ ದೊಡ್ಡ ಕಟ್ಟಡವೆನ್ನುತ್ತೇನೆ.

ನಮ್ಮ ಬಂಟವಾಳ, ಬೆಳ್ತಂಗಡಿ, ಮೂಡಬಿದ್ರೆಗಳವರು ಅವರ ಪ್ರಜೆಗಳಾಗಿರಲಿಲ್ಲ. ಚಾರ್ಮಾಡಿ ಘಾಟಿ ಇಳಿದರೆ ಮದ್ರಾಸು ಪ್ರಾಂತ. ನಾವು ಮೈಸೂರನ್ನು ಕೂಡಿದ್ದು 1956ರಲ್ಲಿ. ಅರಸರು 1940ರ ಆಗಸ್ಟ್ 3ರಂದು ಕಾಲವಾದರು. ಬಡತನದ ದೆಸೆಯಿಂದ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಭೋರ್ ಸಮಿತಿ ಇಡೀ ದೇಶಕ್ಕೆ ವರದಿ ಕೊಟ್ಟದ್ದು ಆರು ವರ್ಷಗಳ ಅನಂತರ, 1946ರಲ್ಲಿ.