ಬೆಳ್ಳೂರಿನ ಸಣಕಲು ಹುಡುಗ

ಕಾಲೇಜಲ್ಲಿ ಸ್ಪೋರ್ಟ್ಸ್ ಡೇ ಬಂದಾಗ ಹೆಸರು ಕೊಡದೆ ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟುವವರೆಲ್ಲ ಸೋಮಾರಿಗಳಲ್ಲ. ಕೆಲವರ ಜೇಬಲ್ಲಿ ಇನ್‌ಹೇಲರ್ ಇರುತ್ತೆ, ಕೆಲವರ ಬ್ಯಾಗಲ್ಲಿ ಇನ್ಸುಲಿನ್ ಇರುತ್ತೆ. ಓಡಬೇಡ, ಸುಸ್ತಾಗುತ್ತೆ ಅನ್ನೋ ಮಾತು ಕೇಳಿಕೊಂಡೇ ಬೆಳೆದವರು ಅವರು. ಅವರನ್ನು ನೆನೆಸಿಕೊಂಡು ಈ ಸಲ ಬಿ.ಕೆ.ಎಸ್. ಅಯ್ಯಂಗಾರ್ ಬಗ್ಗೆ ಬರೆಯುತ್ತಿದ್ದೇನೆ. ಅವರು ತೀರಿಕೊಂಡಾಗ ನಾವು ಎರಡನೇ ಕ್ಲಾಸೋ ಮೂರನೇ ಕ್ಲಾಸೋ. ಯೋಗ ದಿನದ ಪೋಸ್ಟರಲ್ಲಿ ಅವರ ಫೋಟೋ ನೋಡಿರುತ್ತೇವೆ, ಕಥೆ ಮಾತ್ರ ತುಂಬಾ ಜನಕ್ಕೆ ಗೊತ್ತಿಲ್ಲ.

ಬಿ.ಕೆ.ಎಸ್. ಅಂದ್ರೆ ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ. ಬೆಳ್ಳೂರು ಅಂದ ತಕ್ಷಣ ನಮ್ಮ ತುರುವೇಕೆರೆ ಕಡೆಯವರಿಗೆ ಬೆಳ್ಳೂರು ಕ್ರಾಸ್ ನೆನಪಾಗುತ್ತೆ. ಇದು ಅದಲ್ಲ, ಕೋಲಾರ ಜಿಲ್ಲೆಯ ಬೆಳ್ಳೂರು. ಅವರು ಹುಟ್ಟಿದ್ದು 1918ರ ಡಿಸೆಂಬರ್ 14ರಂದು, ಜಗತ್ತಿಗೆಲ್ಲ ಇನ್‌ಫ್ಲುಯೆಂಜಾ ಹಬ್ಬಿದ್ದ ವರ್ಷ. ತಾಯಿಗೂ ಆ ಜ್ವರ ಬಂದಿತ್ತು. ಮಗು ಹುಟ್ಟಿದ್ದೇ ಬಡಕಲಾಗಿ. ತಂದೆ ಮೇಷ್ಟ್ರು, ಮನೆ ತುಂಬ ಮಕ್ಕಳು. ಸುಂದರರಾಜನಿಗೆ ಒಂಬತ್ತು ವರ್ಷ ಆದಾಗ ತಂದೆಯೂ ತೀರಿಕೊಂಡರು. ಮಲೇರಿಯಾ, ಟೈಫಾಯ್ಡ್, ಕ್ಷಯ, ಜೊತೆಗೆ ಸರಿಯಾದ ಊಟ ಇಲ್ಲ. ಕ್ಷಯಕ್ಕೆ ಆಗಿನ್ನೂ ಆಂಟಿಬಯಾಟಿಕ್ ಬಂದಿರಲಿಲ್ಲ.

1934ರಲ್ಲಿ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು ಹುಡುಗನನ್ನು ಮೈಸೂರಿಗೆ ಕರೆಸಿಕೊಂಡರು. ಅವರು ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸುತ್ತಿದ್ದರು. ಆದರೆ ಭಾವನಿಗೆ ಈ ಹುಡುಗನ ಮೇಲೆ ಅಂಥ ಭರವಸೆ ಇರಲಿಲ್ಲ. ಬಗ್ಗಿದರೆ ಕೈ ಮೊಣಕಾಲಿನ ಹತ್ತಿರವೇ ನಿಂತುಬಿಡುತ್ತಿತ್ತು. ಮೆಚ್ಚಿನ ಶಿಷ್ಯನೊಬ್ಬ ಬಿಟ್ಟುಹೋದ ಮೇಲೆ, ಪ್ರದರ್ಶನಕ್ಕೆ ಜನ ಬೇಕಲ್ಲ ಅಂತ ಇವನಿಗೆ ಕಲಿಸಿದರು. ಒಂದು ಪ್ರದರ್ಶನದಲ್ಲಿ ತಯಾರಿಯೇ ಇಲ್ಲದೆ ಹನುಮಾನಾಸನ ಮಾಡಿಸಿದಾಗ ತೊಡೆಯ ಹಿಂದಿನ ಸ್ನಾಯು ಹರಿದು ಬಹಳ ದಿನ ನಡೆಯೋದೇ ಕಷ್ಟವಾಯಿತು.

1937ರಲ್ಲಿ ಆರು ತಿಂಗಳ ಮಟ್ಟಿಗೆ ಅಂತ ಪುಣೆಗೆ ಹೋದವರು ಕೊನೆಯವರೆಗೂ ಅಲ್ಲೇ ಉಳಿದರು. ವಯಸ್ಸು ಹದಿನೆಂಟು, ಮರಾಠಿ ಬರಲ್ಲ, ಕಲಿಯಲು ಬಂದವರಲ್ಲಿ ಎಷ್ಟೋ ಜನ ಇವರಿಗಿಂತ ದೊಡ್ಡವರು, ಗಟ್ಟಿಮುಟ್ಟಾದವರು. ಬೆಳಿಗ್ಗೆಯಿಂದ ಸಂಜೆವರೆಗೆ ತನ್ನ ಮೈ ಮೇಲೇ ಪ್ರಯೋಗ ಮಾಡುತ್ತಾ ಹೋದರು. ಯಾವ ಭಂಗಿಯಲ್ಲಿ ಎದೆ ಬಿಚ್ಚಿಕೊಳ್ಳುತ್ತೆ, ಯಾವುದರಲ್ಲಿ ಉಸಿರು ಕಟ್ಟುತ್ತೆ ಅಂತ ಒಂದೊಂದನ್ನೂ ನೋಡಿಕೊಂಡರು.

ಎಂಜಿನಿಯರಿಂಗ್ ಓದುವ ನಮಗೆ ಇಷ್ಟವಾಗಬೇಕಾದ ಭಾಗ ಮುಂದಿನದು. ಮೈ ಆಸನಕ್ಕೆ ಹೊಂದಲಿಲ್ಲ ಅಂದ್ರೆ ಆಸನವನ್ನೇ ಮೈಗೆ ಹೊಂದಿಸಬಹುದು ಅಂತ ಅವರು ತೋರಿಸಿದರು. ಕೈ ನೆಲಕ್ಕೆ ತಾಗಲ್ವಾ, ಕೆಳಗೆ ಮರದ ಇಟ್ಟಿಗೆ ಇಡು. ಕಾಲಿಗೆ ಕೈ ಸಿಗಲ್ವಾ, ಬೆಲ್ಟ್ ಹಾಕಿ ಹಿಡಿ. ನಿಲ್ಲಲು ಶಕ್ತಿ ಇಲ್ವಾ, ಗೋಡೆಗೆ ಕಟ್ಟಿದ ಹಗ್ಗ ಇದೆ, ಕುರ್ಚಿ ಇದೆ. ವಯಸ್ಸಾದವರು, ಬೆನ್ನು ನೋವಿನವರು, ಹೃದಯದ ಕಾಯಿಲೆಯವರು, ಎಲ್ಲರೂ ಅವರ ಕ್ಲಾಸಿಗೆ ಬಂದಿದ್ದು ಇದರಿಂದಲೇ. 1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಮುಂಬೈಯಲ್ಲಿ ಅವರನ್ನು ಭೇಟಿಯಾಗಿ ಶಿಷ್ಯರಾದರು, ಮುಂದೆ ಯುರೋಪಿಗೂ ಕರೆಸಿಕೊಂಡರು. 1966ರಲ್ಲಿ ‘ಲೈಟ್ ಆನ್ ಯೋಗ’ ಬಂತು. ಇನ್ನೂರಕ್ಕೂ ಹೆಚ್ಚು ಆಸನ, ಸುಮಾರು ಆರುನೂರು ಫೋಟೋ, ಎಲ್ಲದರಲ್ಲೂ ಆ ಹಳೇ ಸಣಕಲು ಹುಡುಗನೇ.

ಇಷ್ಟಾದ ಮೇಲೆ ಕಷ್ಟ ಮುಗಿಯಿತು ಅಂದುಕೊಳ್ಳಬೇಡಿ. ಅರವತ್ತರ ಹೊತ್ತಿಗೆ ಸ್ಕೂಟರ್ ಅಪಘಾತದಲ್ಲಿ ಭುಜ, ಬೆನ್ನು ಏಟು ತಿಂದವು. ಸಲೀಸಾಗಿ ಮಾಡುತ್ತಿದ್ದ ಆಸನಗಳನ್ನೇ ಮತ್ತೆ ಮೊದಲಿಂದ ಕಲಿಯಬೇಕಾಯಿತು, ಅದಕ್ಕೆ ವರ್ಷಗಳೇ ಹಿಡಿದವು. ಎಪ್ಪತ್ತು ದಾಟಿದ ಮೇಲೆ ಹೃದಯಾಘಾತವೂ ಆಯಿತು. ಅಭ್ಯಾಸ ಬಿಡಲಿಲ್ಲ. ಆ ದಿನ ಮೈ ಏನು ಕೊಡುತ್ತೋ ಅಷ್ಟು, ಬೇಕಾದರೆ ಕುರ್ಚಿ, ದಿಂಬು ಇಟ್ಟುಕೊಂಡು.

ನಮ್ಮ ತಿಪಟೂರಿನ ಉಂಡೆ ಕೊಬ್ಬರಿ ನೋಡಿ. ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಕೂರಬೇಕು, ನೀರು ಇಂಗಬೇಕು, ಕೊಬ್ಬರಿ ತಾನಾಗಿ ಕರಟ ಬಿಡಬೇಕು. ಅವಸರಪಟ್ಟು ಒಡೆದರೆ ಸಿಗೋದು ಹಸಿಕಾಯಿ. ಅಯ್ಯಂಗಾರ್ ಮೈಯನ್ನು ಹದ ಮಾಡಿಕೊಂಡಿದ್ದೂ ಹೀಗೇ.

2014ರಲ್ಲಿ ಪದ್ಮವಿಭೂಷಣ ಬಂತು. ಅದೇ ವರ್ಷ ಆಗಸ್ಟ್ 20ರಂದು ಪುಣೆಯಲ್ಲಿ ತೀರಿಕೊಂಡರು. ಆಗ 95 ವರ್ಷ.

ಇದನ್ನು ಓದಿ ಯಾರೂ ಇನ್‌ಹೇಲರ್ ಎಸೆಯಬೇಡಿ, ಮಾತ್ರೆ ಬಿಡಬೇಡಿ. ಯೋಗ ಮಾಡಿದರೆ ಎಲ್ಲ ಕಾಯಿಲೆ ವಾಸಿ ಅಂತ ನಾನು ಹೇಳುತ್ತಿಲ್ಲ. ಡಾಕ್ಟರ್ ಹತ್ತಿರ ಹೋದಾಗ ಆಡಬಹುದಾ ಅಂತ ಕೇಳೋ ಬದಲು ಹೇಗೆ ಆಡಬಹುದು, ಎಷ್ಟು ಆಡಬಹುದು ಅಂತ ಕೇಳಿ ನೋಡಿ. ಟೀಮ್ ಮಾಡುವವರೂ ಅಷ್ಟೇ. ಪಕ್ಕದಲ್ಲಿ ಕೂತ ಗೆಳೆಯನಿಗೆ ಸ್ಕೋರ್ ಬರೆಯೋ ಕೆಲಸ ಕೊಡುವ ಮೊದಲು, ಎರಡು ಓವರ್ ಆಡ್ತೀಯಾ ಅಂತ ಒಂದು ಸಲ ಕೇಳಿ.