ವೆನಿಲ್ಲಾಗೆ ಕಾಯಿ ಕಟ್ಟಿಸಿದ ಹುಡುಗ

ಗಾಳಿ, ನೀರು, ಜೇನುನೊಣ, ಚಿಟ್ಟೆ, ಬಾವಲಿ. ಪರಾಗಸ್ಪರ್ಶ ಹೇಗಾಗುತ್ತೆ ಅಂತ ಕೇಳಿದ್ರೆ ಹೈಸ್ಕೂಲಲ್ಲಿ ಕಲಿತ ಈ ಲಿಸ್ಟನ್ನ ನಾವೆಲ್ಲ ಈಗಲೂ ಒಪ್ಪಿಸ್ತೀವಿ. ಆದರೆ ನಾವು ತಿನ್ನೋ ಅಸಲಿ ವೆನಿಲ್ಲಾದ ಹಿಂದೆ ಇರೋದು ಮನುಷ್ಯನ ಬೆರಳು. ಆ ಬೆರಳಿನ ಕೆಲಸವನ್ನು ಜಗತ್ತಿಗೆ ತೋರಿಸಿದವನು 12 ವರ್ಷದ ಗುಲಾಮ ಹುಡುಗ, ಎಡ್ಮಂಡ್.

ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್‌ನ ಪೂರ್ವಕ್ಕೆ ರಿಯೂನಿಯನ್ ಅನ್ನೋ ದ್ವೀಪ ಇದೆ. ಆಗ ಅದು ಫ್ರೆಂಚರ ವಸಾಹತು. ಅಲ್ಲಿನ ಸೇಂಟ್ ಸುಝಾನ್‌ನಲ್ಲಿ 1829ರಲ್ಲಿ ಎಡ್ಮಂಡ್ ಹುಟ್ಟಿದ. ಹೆರಿಗೆಯಲ್ಲೇ ತಾಯಿ ತೀರಿಕೊಂಡಳು. ಗುಲಾಮರಿಗೆ ಮನೆತನದ ಹೆಸರೂ ಇರಲಿಲ್ಲ, ಬರೀ ಎಡ್ಮಂಡ್ ಅಷ್ಟೇ. ಅವನು ಬೆಳೆದದ್ದು ಫೆರೆಯೋಲ್ ಬೆಲ್ಲಿಯೆ ಬೋಮೋಂ ಎಂಬ ತೋಟದ ಯಜಮಾನನ ಬಳಿ. ಯಜಮಾನನಿಗೆ ಗಿಡಗಳ ಹುಚ್ಚು. ಅವನ ಹಿಂದೆ ತೋಟ ಸುತ್ತುತ್ತಾ ಹುಡುಗ ಹೂವಿನ ಭಾಗಗಳನ್ನು ಕಲಿತ. ಕಲ್ಲಂಗಡಿ ಜಾತಿಯ ಹೂವುಗಳಿಗೆ ಕೈಯಿಂದ ಪರಾಗ ಸೋಕಿಸೋದನ್ನೂ ಕಲಿತ.

ಅದೇ ತೋಟದಲ್ಲಿ ಸುಮಾರು 20 ವರ್ಷದಿಂದ ಒಂದು ವೆನಿಲ್ಲಾ ಬಳ್ಳಿ ಇತ್ತು. ಹೂ ಬಿಡುತ್ತಿತ್ತು, ಕಾಯಿ ಮಾತ್ರ ಇಲ್ಲ. ವೆನಿಲ್ಲಾದ ತವರು ಮೆಕ್ಸಿಕೊ ಕಡೆ. ಯುರೋಪಿನವರು ಬಳ್ಳಿ ತಂದರು, ಆದರೆ ಅಲ್ಲಿನ ಜೇನುನೊಣಗಳು ಜೊತೆಗೆ ಬರಲಿಲ್ಲ. ಈ ಹೂವಿನಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಪಕ್ಕಪಕ್ಕದಲ್ಲೇ ಇವೆ. ಆದರೆ ನಡುವೆ ತೆಳುವಾದ ಒಂದು ಪರದೆ ಇರುತ್ತೆ. ಅದರಿಂದ ಪರಾಗ ತಾನಾಗಿ ದಾಟೋದು ಬಹಳ ಅಪರೂಪ. ಜೊತೆಗೆ ಹೂವು ಬೆಳಗ್ಗೆ ಅರಳಿ ಅದೇ ದಿನ ಬಾಡಿಹೋಗುತ್ತೆ. ಬೆಲ್ಜಿಯಂನ ಚಾರ್ಲ್ಸ್ ಮೊರೆನ್ ಎಂಬ ಸಸ್ಯವಿಜ್ಞಾನಿ 1836ರಲ್ಲಿ ಗಾಜಿನಮನೆಯೊಳಗೆ ಕೈಯಿಂದಲೇ ಕಾಯಿ ಕಟ್ಟಿಸಿದ್ದ. ಆದರೆ ಆ ವಿಧಾನ ದೊಡ್ಡ ತೋಟಗಳಲ್ಲಿ ಬಳಕೆಗೆ ಬರಲಿಲ್ಲ.

1841ರಲ್ಲಿ ಒಂದು ದಿನ ಯಜಮಾನನ ಕಣ್ಣಿಗೆ ಬಳ್ಳಿಯಲ್ಲಿ ಎರಡು ಕಾಯಿ ಬಿದ್ದವು. ತಾನೇ ಮಾಡಿದ್ದು ಅಂತ ಎಡ್ಮಂಡ್ ಹೇಳಿದರೆ ಯಜಮಾನ ಮೊದಲು ನಂಬಲಿಲ್ಲ. ಕೆಲವು ದಿನಗಳಲ್ಲಿ ಇನ್ನೊಂದು ಕಾಯಿ ಕಂಡಾಗ ಮಾಡಿ ತೋರಿಸು ಅಂದ. ಹುಡುಗ ಹೂವಿನ ತುಟಿಯನ್ನು ಸರಿಸಿ, ಸಣ್ಣ ಬಿದಿರುಕಡ್ಡಿಯಿಂದ ಪರದೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಹೆಣ್ಣು ಭಾಗಕ್ಕೆ ಒತ್ತಿದ. ಕೆಲವೇ ಸೆಕೆಂಡಿನ ಕೆಲಸ. ಸುತ್ತಲಿನ ತೋಟದವರೆಲ್ಲ ಅವನನ್ನು ಕರೆಸಿ ತಮ್ಮ ಗುಲಾಮರಿಗೂ ಕಲಿಸಿದರು. 1898ರ ಹೊತ್ತಿಗೆ ರಿಯೂನಿಯನ್‌ನ ವೆನಿಲ್ಲಾ ಸುಮಾರು 200 ಟನ್ ಮುಟ್ಟಿತ್ತು, ಮೆಕ್ಸಿಕೊವನ್ನೇ ಹಿಂದೆ ಹಾಕಿತ್ತು.

ಎಡ್ಮಂಡ್‌ಗೆ ಸಿಕ್ಕಿದ್ದೇನು? 1848ರಲ್ಲಿ ಗುಲಾಮಗಿರಿ ರದ್ದಾದಾಗ ಆಲ್ಬಿಯಸ್ ಅನ್ನೋ ಮನೆತನದ ಹೆಸರು ಸಿಕ್ಕಿತು, ಲ್ಯಾಟಿನ್‌ನಲ್ಲಿ ಬಿಳಿ ಎಂಬರ್ಥದ ಪದದಿಂದ ಬಂದದ್ದು. ಕಪ್ಪು ಹುಡುಗನಿಗೆ ಇಟ್ಟ ಹೆಸರು! ಸ್ವಾತಂತ್ರ್ಯ ಬಂತು, ಆದರೆ ಕೈಯಲ್ಲಿ ಜಮೀನೂ ಇಲ್ಲ, ದುಡ್ಡೂ ಇಲ್ಲ. ಸೇಂಟ್ ಡೆನಿ ಪಟ್ಟಣಕ್ಕೆ ಹೋಗಿ ಅಡುಗೆಮನೆ ಕೆಲಸಕ್ಕೆ ಸೇರಿದ. ಆಮೇಲೆ ಒಡವೆ ಕಳ್ಳತನದ ಕೇಸಿನಲ್ಲಿ ಜೈಲು ಸೇರಿದ. ದ್ವೀಪಕ್ಕೆ ಅವನು ಮಾಡಿದ ಉಪಕಾರ ನೆನೆದು ಕೆಲವರು ಮನವಿ ಕೊಟ್ಟ ಮೇಲೆ ಶಿಕ್ಷೆ ಮುಗಿಯುವ ಮೊದಲೇ ಬಿಡುಗಡೆಯಾಯಿತು.

ಅಷ್ಟರಲ್ಲಿ ರಿಷಾರ್ ಎಂಬ ಹೆಸರಾಂತ ಸಸ್ಯವಿಜ್ಞಾನಿ, ಈ ವಿಧಾನ ದ್ವೀಪದವರಿಗೆ ಕಲಿಸಿದ್ದು ತಾನೇ ಅಂತ ಹೇಳಿಕೊಂಡಿದ್ದ. ಇಲ್ಲಿ ಹಳೆಯ ಯಜಮಾನ ಎಡ್ಮಂಡ್ ಪರ ನಿಂತ. ಕಂಡುಹಿಡಿದವನು ಈ ಹುಡುಗನೇ ಅಂತ ಪತ್ರ ಬರೆದ. ಆ ಬರಹ ಉಳಿದಿದ್ದರಿಂದ ಎಡ್ಮಂಡ್ ಹೆಸರೂ ಉಳಿಯಿತು. ಹೊಟ್ಟೆಪಾಡು ಮಾತ್ರ ಬದಲಾಗಲಿಲ್ಲ. 1880ರಲ್ಲಿ, ಹುಟ್ಟಿದ ಸೇಂಟ್ ಸುಝಾನ್‌ನಲ್ಲೇ, ಬಡತನದಲ್ಲೇ ತೀರಿಕೊಂಡ.

ಹೊಸದೇನಾದ್ರೂ ಮಾಡಿದ್ರೆ ಮೊದಲು ಪೇಟೆಂಟ್ ಮಾಡಿಸ್ಕೊಳ್ಳಿ ಅಂತ ನಮಗೆ ಕಾಲೇಜಲ್ಲಿ ಹೇಳ್ತಾರೆ. ತನ್ನ ದೇಹದ ಮೇಲೇ ಹಕ್ಕಿಲ್ಲದ ಹುಡುಗ ತನ್ನ ಐಡಿಯಾ ಮೇಲೆ ಯಾವ ಹಕ್ಕು ಕೇಳೋಕಾಗ್ತಿತ್ತು? ನಮ್ಮ ಮಲೆನಾಡು, ಕೊಡಗಿನ ತೋಟಗಳಲ್ಲಿ ವೆನಿಲ್ಲಾ ಹೂ ಬಿಟ್ಟಾಗ ಇವತ್ತಿಗೂ ಬೆಳಗ್ಗೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಬೇಕು. ಆ ಕೆಲಸ ಮಾಡೋರಿಗೆ ಎಡ್ಮಂಡ್ ಯಾರು ಅಂತ ಗೊತ್ತಿರಲಿ, ಬಿಡಲಿ, ಅವರ ಕೈ ಮಾಡ್ತಿರೋದು ಅವನು ಕಲಿಸಿದ್ದನ್ನೇ.